ಮುರಿದದ್ದು ಮಣಿಕಟ್ಟು, ಎಕ್ಸ್‌ರೇ ಜೇಬಿಗೆ

ಬಿದ್ದಾಗ ಕೈ ಊರುವುದು ಮನುಷ್ಯನ ಹುಟ್ಟುಗುಣ. ಕಾಲು ಜಾರಿತು ಅಂತ ತಲೆಗೆ ಹೊಳೆಯುವಷ್ಟರಲ್ಲಿ ಅಂಗೈ ನೆಲ ಮುಟ್ಟಿರುತ್ತೆ. ಮೈಭಾರವೆಲ್ಲ ಅಲ್ಲಿಗೇ ಬಂದು, ಮುಂಗೈಯಲ್ಲಿ ಹೆಬ್ಬೆರಳಿನ ಕಡೆಗಿರುವ ರೇಡಿಯಸ್ ಎಂಬ ಮೂಳೆ ಮಣಿಕಟ್ಟಿನ ಹತ್ತಿರ ಲಟಕ್ಕನೆ ಮುರಿಯುತ್ತೆ. ಊರಲ್ಲಾದರೆ ಪಾಚಿ ಕಟ್ಟಿದ ಬಚ್ಚಲು, ಇಲ್ಲಿ ಬೆರ್ರಿಯೆಸಾದಲ್ಲಾದರೆ ಪೆನಿಟೆನ್ಸಿಯಾ ಕ್ರೀಕ್ ಪಕ್ಕದ ವಾಕಿಂಗ್ ದಾರಿ. ಜಾಗ ಬೇರೆ, ಮುರಿಯುವ ರೀತಿ ಒಂದೇ. ಮೂಳೆ ಮುರಿಯುವಾಗ ಬಡವ, ಬಲ್ಲಿದ ಅಂತ ನೋಡಲ್ಲ. ಆ ನೋಟವೆಲ್ಲ ಶುರುವಾಗೋದು ಆಮೇಲೆ.

ನಾನು ಡಾಕ್ಟರಲ್ಲ. ಕೋಡು ಬರೆದು ಹೊಟ್ಟೆ ಹೊರೆಯುವ ಇಂಜಿನಿಯರು. ಆದರೆ ಇಲ್ಲಿ ನಮ್ಮ ಜನ ಸೇರಿದ ಕಡೆಯೆಲ್ಲ ಒಂದು ಮಾತು ಕಿವಿಗೆ ಬೀಳ್ತಾನೇ ಇರುತ್ತೆ. "ಅಮ್ಮ ಬಿದ್ದು ಕೈ ಮುರಿದುಕೊಂಡರು. ಮೊದಲು ಪ್ಲೇಟ್ ಹಾಕಬೇಕು ಅಂದರು. ವಿಸಿಟರ್ ಇನ್ಶೂರೆನ್ಸ್ ಅಂತ ಗೊತ್ತಾದ ಮೇಲೆ ಪ್ಲಾಸ್ಟರ್ ಸಾಕು ಅಂದರು." ಹೇಳುವವರ ದನಿಯಲ್ಲಿ ಸಿಟ್ಟಿರುತ್ತೆ. ದುಡ್ಡಿಲ್ಲ ಅಂತ ಅಮ್ಮನಿಗೆ ಕೀಳು ಚಿಕಿತ್ಸೆ ಕೊಟ್ಟರು ಅನ್ನೋ ಸಂಕಟ. ನಿಜಕ್ಕೂ ಅದು ಕೀಳು ಚಿಕಿತ್ಸೆಯಾ? ಅಥವಾ ಮೊದಲು ಹೇಳಿದ್ದೇ ತಪ್ಪಾ? ಇದನ್ನು ತಿಳಿಯೋಕೆ ಹೋದರೆ 200 ವರ್ಷಗಳ ಒಂದು ಕಥೆ ಬಿಚ್ಚಿಕೊಳ್ಳುತ್ತೆ. ಮೂಳೆಯದ್ದೂ ಹೌದು, ದುಡ್ಡಿನದ್ದೂ ಹೌದು.

ಮೊದಲು ಡಬ್ಲಿನ್‌ಗೆ ಹೋಗೋಣ. ಅಲ್ಲಿ ಡಾ. ಸ್ಟೀವನ್ಸ್ ಆಸ್ಪತ್ರೆ ಅಂತ ಒಂದಿತ್ತು, ಊರಿನ ಬಡವರಿಗಾಗಿ 1733ರಲ್ಲಿ ಬಾಗಿಲು ತೆರೆದ ಧರ್ಮಾಸ್ಪತ್ರೆ. ಅಲ್ಲಿನ ಸರ್ಜನ್ ಏಬ್ರಹಾಂ ಕಾಲಿಸ್ 1814ರಲ್ಲಿ ಎಡಿನ್‌ಬರೋದ ವೈದ್ಯಪತ್ರಿಕೆಯೊಂದರಲ್ಲಿ ಈ ಮುರಿತವನ್ನು ವಿವರಿಸಿದ. ಎಕ್ಸ್‌ರೇ ಬರೋಕೆ ಇನ್ನೂ 81 ವರ್ಷ ಇತ್ತು! ಬರೀ ಕಣ್ಣು, ಬೆರಳುಗಳಿಂದ ಮುಟ್ಟಿ ನೋಡಿಯೇ ಮೂಳೆ ಎಲ್ಲಿ ಮುರಿದಿದೆ, ಯಾವ ಕಡೆ ಸರಿದಿದೆ ಅಂತ ಹೇಳಿದ. ಅದಕ್ಕೇ ಇವತ್ತಿಗೂ ಅದಕ್ಕೆ "ಕಾಲಿಸ್ ಫ್ರ್ಯಾಕ್ಚರ್" ಅಂತಲೇ ಹೆಸರು. (ಫ್ರಾನ್ಸಿನ ಪೂಟೋ ಎಂಬಾತ ಇದನ್ನು ಮೊದಲೇ ಗುರುತಿಸಿದ್ದ, ಅವನು ತೀರಿಕೊಂಡ ಮೇಲೆ 1783ರಲ್ಲಿ ಅದು ಅಚ್ಚಾಯಿತು. ಫ್ರೆಂಚರು ಈಗಲೂ ಅವನ ಹೆಸರೇ ಹೇಳ್ತಾರೆ. ನಮ್ಮೂರಲ್ಲಿ ಮೊದಲ ಫಿಲ್ಟರ್ ಕಾಫಿ ಯಾವ ಹೋಟೆಲಿನದು ಅನ್ನೋ ಜಗಳದ ಥರ.)

ಕಾಲಿಸ್ ಅದೇ ಬರಹದಲ್ಲಿ ಇನ್ನೊಂದು ಮಾತು ಹೇಳಿದ್ದ. ಸರಿಪಡಿಸದೆ ಬಿಟ್ಟರೂ, ಕೈಯ ಸೊಟ್ಟ ಉಳಿದರೂ, ಕಾಲ ಕಳೆದಂತೆ ನೋವು ಹೋಗುತ್ತೆ, ಕೈ ಆಡುತ್ತೆ ಅಂತ. ಮುಂದಿನ 200 ವರ್ಷ ಸರ್ಜನ್‌ಗಳು ಈ ಒಂದು ಮಾತಿನ ಸುತ್ತ ಜಗಳ ಆಡಿಕೊಂಡೇ ಬಂದಿದ್ದಾರೆ. ಸೊಟ್ಟಗಿದ್ದರೂ ಕೆಲಸ ಮಾಡುವ ಕೈ ಸಾಕೋ, ಚಿತ್ರದಲ್ಲಿ ನೆಟ್ಟಗೆ ಕಾಣುವ ಮೂಳೆ ಬೇಕೋ?

1852ರಲ್ಲಿ ಡಚ್ ಸೈನ್ಯದ ಡಾಕ್ಟರ್ ಮಥೈಸನ್ ತಾನು ಕಂಡುಹಿಡಿದ ಪ್ಲಾಸ್ಟರ್ ಪಟ್ಟಿಯ ಬಗ್ಗೆ ಬರೆದು ಪ್ರಕಟಿಸಿದ. ಬಟ್ಟೆಗೆ ಜಿಪ್ಸಂ ಪುಡಿ ಸವರಿ, ನೀರಲ್ಲಿ ಅದ್ದಿ ಸುತ್ತಿದರೆ ಆಯಿತು, ಅಗ್ಗದ ಮದ್ದು. ಆಮೇಲೆ 1895ರಲ್ಲಿ ರಾಂಟ್‌ಜೆನ್‌ನ ಎಕ್ಸ್‌ರೇ ಬಂತು. ಅಲ್ಲಿಗೆ ಆಟವೇ ಬದಲಾಯಿತು ನೋಡಿ. ಅಲ್ಲಿಯವರೆಗೆ ಕೈ ಹೇಗಿದೆ ಅಂತ ರೋಗಿ ಹೇಳ್ತಿದ್ದ. ಇನ್ನು ಮುಂದೆ ಚಿತ್ರ ಹೇಳೋಕೆ ಶುರು ಮಾಡಿತು. ರೋಗಿ "ಪರವಾಗಿಲ್ಲ ಡಾಕ್ಟ್ರೇ" ಅಂದರೂ ಚಿತ್ರ "ಸೊಟ್ಟಗಿದೆ" ಅನ್ನುತ್ತೆ.

ಅದೇ ಹೊತ್ತಿಗೆ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ವಿಲಿಯಂ ಆರ್ಬತ್ನಾಟ್ ಲೇನ್ ಅಂತ ಸರ್ಜನ್ ಇದ್ದ. ಹಡಗುಕಟ್ಟೆಯ ಕೂಲಿಗಳು ಕಾಲು ಮುರಿದುಕೊಂಡು ಬರೋರು, ಕಟ್ಟು ಹಾಕಿಸಿಕೊಂಡು ವಾಸಿಯೂ ಆಗೋರು, ಆದರೆ ಮತ್ತೆ ಮೂಟೆ ಹೊರೋಕೆ ಆಗ್ತಿರಲಿಲ್ಲ. ಡಾಕ್ಟರ ಲೆಕ್ಕದಲ್ಲಿ ವಾಸಿ, ಮನೆಯ ಲೆಕ್ಕದಲ್ಲಿ ಉಪವಾಸ. ಮುರಿತದಿಂದ ಕೂಲಿಯವನ ದುಡಿಮೆ ಎಷ್ಟು ಕುಗ್ಗುತ್ತೆ ಅಂತ ಲೆಕ್ಕ ಹಾಕಿದ ಲೇನ್, ಮೂಳೆಗೆ ಉಕ್ಕಿನ ಪಟ್ಟಿ ಇಟ್ಟು ಸ್ಕ್ರೂ ಹೊಡೆಯೋಕೆ ಶುರು ಮಾಡಿದ. ಇದನ್ನು ನೆನಪಿಟ್ಟುಕೊಳ್ಳಿ. ಮೂಳೆಗೆ ಪ್ಲೇಟ್ ಹಾಕುವ ವಿದ್ಯೆ ಬೆಳೆದದ್ದು ಶ್ರೀಮಂತರ ಶೋಕಿಗಲ್ಲ, ಮೈಮುರಿದು ದುಡಿಯುವವನ ಕೂಲಿ ಉಳಿಸೋಕೆ. 1958ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಎಓ ಎಂಬ ಸರ್ಜನ್‌ಗಳ ಗುಂಪು ಕಟ್ಟಿಕೊಂಡು ಪ್ಲೇಟು, ಸ್ಕ್ರೂಗಳಿಗೆ ಶಾಸ್ತ್ರ ಬರೆದವರಿಗೂ ಇದೇ ಚಿಂತೆ ಇತ್ತು. ಮುರಿದ ಮೂಳೆ ಕೂಡಿದ ಮೇಲೂ ಎಷ್ಟೋ ಕಾರ್ಮಿಕರು ಜೀವನಪೂರ್ತಿ ಅಂಗವಿಕಲ ಪಿಂಚಣಿ ತೆಗೆದುಕೊಳ್ತಿದ್ದಾರೆ ಅಂತ ಅಲ್ಲಿನ ಅಪಘಾತ ವಿಮೆಯ ಲೆಕ್ಕ ಹೇಳ್ತಿತ್ತು.

ಅಂದರೆ ದುಡ್ಡಿನ ಮಾತು ಮೂಳೆಯ ಚಿಕಿತ್ಸೆಗೆ ಹೊಸದಾಗಿ ಬಂದ ನೆಂಟನಲ್ಲ, ಮೊದಲಿಂದ ಮನೆಯಲ್ಲೇ ಇದ್ದಾನೆ. ಅವನು ಯಾರ ಪರ ಮಾತಾಡ್ತಾನೆ ಅನ್ನೋದಷ್ಟೇ ಬದಲಾಗುತ್ತಾ ಬಂದಿರೋದು.

ಈಗ ನಮ್ಮ ಕ್ಯಾಲಿಫೋರ್ನಿಯಾಕ್ಕೆ ಬರೋಣ. ಕೆಲಸದಲ್ಲಿ ಗಾಯವಾದರೆ ಮಾಲೀಕನೇ ಖರ್ಚು ಕೊಡಬೇಕು ಅಂತ ಇಲ್ಲಿ 1913ರಲ್ಲಿ ಕಾನೂನಾಯಿತು. ಅದಾಗಿ 20 ವರ್ಷಕ್ಕೆ, 1933ರಲ್ಲಿ, ಸಿಡ್ನಿ ಗಾರ್ಫೀಲ್ಡ್ ಎಂಬ ಯುವ ಸರ್ಜನ್ ದಕ್ಷಿಣದ ಮರಳುಗಾಡಿನಲ್ಲಿ, ಡೆಸರ್ಟ್ ಸೆಂಟರ್ ಎಂಬಲ್ಲಿ ಪುಟ್ಟ ಆಸ್ಪತ್ರೆ ತೆರೆದ. ಕೊಲರಾಡೋ ನದಿಯ ನೀರನ್ನು ಲಾಸ್ ಏಂಜಲೀಸಿಗೆ ತರುವ ಕಾಲುವೆ ಕೆಲಸದವರಿಗಾಗಿ ಅದು. ಗಾಯಾಳುಗಳಿಗೇನೂ ಬರವಿರಲಿಲ್ಲ, ದುಡ್ಡಿಗೆ ಮಾತ್ರ ಬರ. ವಿಮೆ ಕಂಪನಿಗಳು ಬಿಲ್ಲಿಗೆ ತಕರಾರು ತೆಗೆಯೋವು, ತಡ ಮಾಡೋವು. ಆಸ್ಪತ್ರೆ ಮುಳುಗುವ ಹೊತ್ತಿಗೆ ಲೆಕ್ಕಾಚಾರವನ್ನೇ ತಿರುಗಿಸಿದರು. ಪ್ರತಿ ಕೆಲಸಗಾರನಿಗೆ ದಿನಕ್ಕೆ 5 ಸೆಂಟಿನಂತೆ ಮೊದಲೇ ಕೊಟ್ಟುಬಿಡಿ, ಗಾಯ ಆದರೆ ನಾವು ನೋಡ್ಕೋತೀವಿ ಅಂತ. ಆಮೇಲೆ ನಡೆದದ್ದು ತಮಾಷೆ. ಅಲ್ಲಿಯವರೆಗೆ ಗಾಯಾಳು ಬಂದರೆ ಆಸ್ಪತ್ರೆಗೆ ಆದಾಯ. ಇನ್ನು ಮುಂದೆ ಗಾಯಾಳು ಬಂದರೆ ಖರ್ಚು! ಗಾರ್ಫೀಲ್ಡ್ ಕೆಲಸದ ಜಾಗಕ್ಕೇ ಹೋಗಿ, ಹಲಗೆಗಳಿಂದ ಎದ್ದಿರುವ ಮೊಳೆಗಳನ್ನು ಬಡಿದು ಕೂರಿಸಿ ಅಂತ ಹೇಳೋಕೆ ಶುರು ಮಾಡಿದನಂತೆ.

ಡಾಕ್ಟರು ಅವನೇ, ಓದಿದ ವಿದ್ಯೆ ಅದೇ. ದುಡ್ಡು ಬರುವ ದಾರಿ ಬದಲಾಗಿದ್ದಕ್ಕೆ ಕಣ್ಣು ಬೀಳುವ ಜಾಗ ಬದಲಾಯಿತು. ಅದೇ ಪದ್ಧತಿ ಯುದ್ಧದ ಕಾಲದಲ್ಲಿ ನಮ್ಮ ಬೇ ಏರಿಯಾದ ರಿಚ್ಮಂಡ್ ಹಡಗುಕಟ್ಟೆಗೆ ಬಂದು, 1945ರಲ್ಲಿ ಸಾರ್ವಜನಿಕರಿಗೂ ತೆರೆದು, ಕೈಸರ್ ಪರ್ಮನೆಂಟೆ ಆಯಿತು. ಇಲ್ಲಿ ನಮ್ಮ ಜನರಲ್ಲಿ ಅರ್ಧಕ್ಕರ್ಧ ಜನ ಅದರ ಕಾರ್ಡು ಇಟ್ಟುಕೊಂಡಿರ್ತಾರೆ, ಈ ಮೊಳೆ ಕಥೆ ಎಷ್ಟು ಜನಕ್ಕೆ ಗೊತ್ತೋ!

ಇದರ ಎದುರು ದಾರಿ, ಮಾಡಿದ ಕೆಲಸಕ್ಕೆ ತಕ್ಕ ಕಾಸು. 1965ರಲ್ಲಿ ವೃದ್ಧರಿಗೆ ಮೆಡಿಕೇರ್ ಕಾನೂನಾಯಿತು, 1966ರಲ್ಲಿ ಬಡವರಿಗೆ ಕ್ಯಾಲಿಫೋರ್ನಿಯಾದ ಮೆಡಿ-ಕ್ಯಾಲ್ ಶುರುವಾಯಿತು. ಡಾಕ್ಟರ ಪ್ರತಿ ಕೆಲಸಕ್ಕೂ ಎಷ್ಟು ಬೆಲೆ ಅಂತ ಹಾರ್ವರ್ಡಿನ ವಿಲಿಯಂ ಶಾವ್ ತಂಡ ಅಂಕಗಳ ಪಟ್ಟಿ ಮಾಡಿ, 1992ರಿಂದ ಮೆಡಿಕೇರ್ ಅದರಂತೆ ಹಣ ಕೊಡತೊಡಗಿತು. ಎಷ್ಟು ಸಮಯ, ಎಷ್ಟು ಶ್ರಮ, ಎಷ್ಟು ಅಪಾಯ ಅನ್ನೋದರ ಮೇಲೆ ಅಂಕ. ಮಣಿಕಟ್ಟನ್ನು ಎಳೆದು ಕೂರಿಸಿ ಪ್ಲಾಸ್ಟರ್ ಹಾಕುವುದಕ್ಕೆ ಒಂದು ಕೋಡು, ಕೊಯ್ದು ಪ್ಲೇಟ್ ಹಾಕುವುದಕ್ಕೆ ಬೇರೆ ಕೋಡು. 2007ರಲ್ಲಿ ಪ್ಲೇಟಿನ ಕೋಡು ಒಂದಿದ್ದದ್ದು ಮೂರಾಯಿತು. ಮೂಳೆ ಕೀಲಿನೊಳಗೆ ಎಷ್ಟು ಚೂರಾಗಿದೆ ಅನ್ನೋದರ ಮೇಲೆ ಅಂಕ ಏರುತ್ತೆ. ಸರ್ಜನ್‌ನ ಅಂಕದ ಜೊತೆಗೆ ಆಪರೇಷನ್ ಥಿಯೇಟರಿನ ಬಾಡಿಗೆ, ಅರಿವಳಿಕೆಯವರ ಫೀಸು, ಪ್ಲೇಟ್ ಕಂಪನಿಯ ಬಿಲ್ಲು ಎಲ್ಲ ಸೇರುತ್ತೆ. ಪ್ಲಾಸ್ಟರಿಗೆ ಇದ್ಯಾವುದೂ ಇಲ್ಲ. ಪಾಪ, ಬಡ ಪ್ಲಾಸ್ಟರು.

ಇದು ಮೋಸ ಅಂತ ನಾನು ಹೇಳ್ತಿಲ್ಲ. ಹೆಚ್ಚು ಕಷ್ಟದ ಕೆಲಸಕ್ಕೆ ಹೆಚ್ಚು ಕಾಸು ಅನ್ನೋದು ನ್ಯಾಯವೇ. ಆದರೆ ಎರಡರಲ್ಲಿ ಯಾವುದಾದರೂ ನಡೆಯುತ್ತೆ ಅನ್ನೋ ಜಾಗದಲ್ಲಿ, ಒಂದು ಕಡೆ ತಟ್ಟೆಗೆ ಇನ್ನೊಂದು ಬೊಟ್ಟು ಬೆಲ್ಲ ಜಾಸ್ತಿ ಬಿದ್ದಂತಾಯಿತು.

2000ದ ಸುಮಾರಿಗೆ ದೊಡ್ಡ ಬದಲಾವಣೆ ಬಂತು. ಅಲ್ಲಿಯವರೆಗೆ ವಯಸ್ಸಾದವರ ಮೂಳೆಗೆ ಪ್ಲೇಟ್ ಹಾಕೋಕೆ ಸರ್ಜನ್‌ಗಳು ಹಿಂಜರಿಯೋರು. ಸವೆದ ಮೂಳೆ ಹಳೇ ಮಣ್ಣಿನ ಗೋಡೆ ಇದ್ದ ಹಾಗೆ, ಸ್ಕ್ರೂ ಹಿಡಿಯಲ್ಲ. ಆಗ ಸ್ಕ್ರೂವಿನ ತಲೆಗೂ ಮರೆ ಕೊರೆದು, ಅದು ಪ್ಲೇಟಿನ ತೂತಿನಲ್ಲೇ ಬಿಗಿಯಾಗಿ ಕೂರುವ ಹಾಗೆ ಮಾಡಿದರು. ಮೂಳೆ ಎಷ್ಟೇ ಟೊಳ್ಳಾಗಿದ್ದರೂ ಪ್ಲೇಟು, ಸ್ಕ್ರೂ ಎರಡೂ ಸೇರಿ ಒಂದೇ ಚೌಕಟ್ಟಾಗಿ ನಿಲ್ಲುತ್ತೆ. ಅದನ್ನು ಅಂಗೈ ಕಡೆಯಿಂದ ಹಾಕುವ ರೀತಿಯನ್ನು ಮಯಾಮಿಯ ಹೋರ್ಹೆ ಓರ್ಬೇ ಎಂಬ ಸರ್ಜನ್ ಜನಪ್ರಿಯ ಮಾಡಿದರು. ಇಂಜಿನಿಯರಿನ ಕಣ್ಣಿಂದ ನೋಡಿದರೆ ಸೊಗಸಾದ ವಿನ್ಯಾಸ, ಸುಳ್ಳು ಹೇಳಲ್ಲ.

ಮುಂದೇನಾಯಿತು? ಮಿಶಿಗನ್ ವಿಶ್ವವಿದ್ಯಾಲಯದ ಕೆವಿನ್ ಚಂಗ್ ತಂಡ 2009ರಲ್ಲಿ ಮೆಡಿಕೇರ್ ದಾಖಲೆಗಳನ್ನು ಜಾಲಾಡಿ ಪ್ರಕಟಿಸಿದ ಲೆಕ್ಕ ಇದು. ವೃದ್ಧರ ಮಣಿಕಟ್ಟಿನ ಮುರಿತಕ್ಕೆ ಒಳಗೆ ಪ್ಲೇಟ್ ಹಾಕಿದ್ದು 1996ರಲ್ಲಿ ಶೇ. 3, 2005ರಲ್ಲಿ ಶೇ. 16. ಅಂದರೆ ಐದು ಪಟ್ಟು. ಕೊಯ್ಯದೆ ಚಿಕಿತ್ಸೆ ಕೊಟ್ಟಿದ್ದು ಶೇ. 82ರಿಂದ 70ಕ್ಕೆ ಇಳಿಯಿತು. ಅದೇ ವರ್ಷ ಬಂದ ಇನ್ನೊಂದು ಅಧ್ಯಯನ, ಮೆಡಿಕೇರ್ ರೋಗಿಗಳಲ್ಲೇ ಯಾರಿಗೆ ಆಪರೇಷನ್ ಆಗುತ್ತೆ ಅನ್ನೋದು ಅವರು ಅಮೆರಿಕದ ಯಾವ ಮೂಲೆಯಲ್ಲಿ ವಾಸ ಮಾಡ್ತಾರೆ ಅನ್ನೋದರ ಮೇಲೂ ನಿಂತಿದೆ ಅಂತ ತೋರಿಸಿತು. ವಿಮೆ ಒಂದೇ, ಮೂಳೆ ಒಂದೇ, ಊರು ಬೇರೆಯಾದರೆ ಸಲಹೆ ಬೇರೆ!

ಹಾಗಾದರೆ ಯಾವುದು ಸರಿ ಅಂತ ವಿಜ್ಞಾನ ಏನನ್ನುತ್ತೆ? 2009ರಲ್ಲಿ ಅಮೆರಿಕದ ಮೂಳೆ ಸರ್ಜನ್‌ಗಳ ಸಂಘ ಇದಕ್ಕೊಂದು ಮಾರ್ಗಸೂಚಿ ಬರೆಯಲು ಕೂತಿತು. 29 ಶಿಫಾರಸುಗಳಲ್ಲಿ ಒಂದಕ್ಕೂ "ಬಲವಾದ ಪುರಾವೆ ಇದೆ" ಅನ್ನೋ ದರ್ಜೆ ಸಿಗಲಿಲ್ಲ. ಎರಡು ಶತಮಾನ ಮಾಡಿಕೊಂಡು ಬಂದ ಕೆಲಸಕ್ಕೆ ಇದು ಫಲಿತಾಂಶ. ಆಮೇಲೆ ಒಳ್ಳೆ ಪರೀಕ್ಷೆಗಳು ಬಂದವು. 2011ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ 65 ದಾಟಿದ 73 ಜನರ ಮೇಲೆ ನಡೆದ ಅಧ್ಯಯನದಲ್ಲಿ, ಒಂದು ವರ್ಷದ ನಂತರ ಪ್ಲೇಟಿನವರ ಹಿಡಿತ ಸ್ವಲ್ಪ ಗಟ್ಟಿಯಾಗಿತ್ತು. ಆದರೆ ನೋವಿನಲ್ಲಿ, ಕೈಯ ಆಟದಲ್ಲಿ ಪ್ಲಾಸ್ಟರಿನವರಿಗೂ ಅವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ತೊಡಕುಗಳು ಪ್ಲೇಟಿನವರಿಗೇ ಜಾಸ್ತಿ. 2014ರಲ್ಲಿ ಬ್ರಿಟನ್ನಿನ 18 ಆಸ್ಪತ್ರೆಗಳಲ್ಲಿ 461 ಜನರ ಮೇಲೆ ನಡೆದ ಡ್ರಾಫ್ಟ್ ಎಂಬ ಪರೀಕ್ಷೆ ದುಬಾರಿ ಪ್ಲೇಟನ್ನೂ, ಅಗ್ಗದ ಕೆ-ವೈರ್ ಎಂಬ ತಂತಿಯನ್ನೂ ಹೋಲಿಸಿತು. ವರ್ಷ ಕಳೆದ ಮೇಲೆ ಎರಡೂ ಒಂದೇ. 2022ರಲ್ಲಿ 500 ಜನರ ಮೇಲೆ ತಂತಿಗೂ, ಬರೀ ಪ್ಲಾಸ್ಟರಿಗೂ ಹೋಲಿಕೆ ಆಯಿತು. ಮತ್ತೆ ವರ್ಷದ ಕೊನೆಗೆ ಒಂದೇ, ಆದರೆ ಪ್ಲಾಸ್ಟರಿನವರಲ್ಲಿ ಸುಮಾರು ಎಂಟರಲ್ಲಿ ಒಬ್ಬರಿಗೆ ಮೂಳೆ ಮತ್ತೆ ಸರಿದು ಆಮೇಲೆ ಆಪರೇಷನ್ ಬೇಕಾಯಿತು.

2020ರ ಹೊಸ ಮಾರ್ಗಸೂಚಿಯಲ್ಲಿ ಅಮೆರಿಕದ ಸಂಘವೂ ಇದನ್ನು ಒಪ್ಪಿಕೊಂಡಿತು. 65 ದಾಟಿದವರಲ್ಲಿ ಆಪರೇಷನ್ ಮಾಡಿದರೂ, ಮಾಡದಿದ್ದರೂ ದೂರದ ಫಲಿತಾಂಶ ಒಂದೇ ಅಂತ ಬಲವಾದ ಪುರಾವೆ ಇದೆ. ಅದಕ್ಕಿಂತ ಚಿಕ್ಕವರಲ್ಲಿ, ಮೂಳೆ ತುಂಬ ಗಿಡ್ಡವಾಗಿದ್ದರೆ, ಹಿಂದಕ್ಕೆ ಬಾಗಿದ್ದರೆ, ಕೀಲಿನ ಒಳಗೆ ಮೆಟ್ಟಿಲು ಬಿದ್ದಿದ್ದರೆ ಆಪರೇಷನ್ನಿಂದ ಉಪಯೋಗವಿದೆ. ಕಾಲಿಸ್ ಅಜ್ಜ ಅರ್ಧ ಸರಿ ಹೇಳಿದ್ದ ಅಂತಾಯಿತು.

ಪ್ಲೇಟಿಗೆ ಒಂದು ನಿಜವಾದ ಲಾಭವಿದೆ, ಅದನ್ನು ಮುಚ್ಚಿಡಬಾರದು. ಕೈ ಬೇಗ ಕೆಲಸಕ್ಕೆ ಬರುತ್ತೆ. ಪ್ಲಾಸ್ಟರಿನಲ್ಲಿ ಐದಾರು ವಾರ ಕೈ ಬಂದಿ, ಬಿಚ್ಚಿದ ಮೇಲೂ ಮರಗಟ್ಟಿರುತ್ತೆ. ಪ್ಲೇಟಿನವರು ಮೊದಲ ಕೆಲವು ತಿಂಗಳು ಮುಂದಿರ್ತಾರೆ, ಆಮೇಲೆ ಎಲ್ಲರೂ ಒಂದೇ ಕಡೆ ಬಂದು ಸೇರ್ತಾರೆ. ಈಗ ಯೋಚಿಸಿ. ಆ ಮೊದಲ ಕೆಲವು ತಿಂಗಳು ಯಾರಿಗೆ ಅತಿ ಮುಖ್ಯ? ಕೈಯಾಡಿಸಿದರೆ ಮಾತ್ರ ಒಲೆ ಉರಿಯುವವರಿಗೆ. ಗಾರೆ ಕೆಲಸದವರಿಗೆ, ಹೋಟೆಲಿನ ಅಡುಗೆಯವರಿಗೆ, ಮನೆ ಒರೆಸುವವರಿಗೆ. ನನ್ನಂಥವನಿಗೆ ಕೈ ಮುರಿದರೆ ರಜೆ ಇದೆ, ಸಂಬಳ ಬರುತ್ತೆ, ಎಡಗೈಯಲ್ಲಿ ಟೈಪ್ ಮಾಡಿಕೊಂಡು ಮೀಟಿಂಗಿನಲ್ಲಿ ತಲೆಯಾಡಿಸಬಹುದು. ಆದರೆ ಪ್ಲೇಟು ಸುಲಭವಾಗಿ ಸಿಗೋದು ನನಗೆ, ಪ್ಲಾಸ್ಟರು ಸಿಗೋದು ಗಾರೆಯವನಿಗೆ. ನಿವೃತ್ತರಾಗಿ ಮನೆಯಲ್ಲಿರುವ, ಒಳ್ಳೆ ವಿಮೆ ಇರುವ ಅಜ್ಜಿಗೂ ಪ್ಲೇಟು. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ! ಕೂಲಿಯವನಿಗಾಗಿ ಲೇನ್ ಹಿಡಿದ ದಾರಿ ಸುತ್ತಿ ಬಳಸಿ ಬಂದು ಕೂಲಿಯವನ ಕೈಗೇ ಎಟುಕದಂತಾಯಿತು.

ಸಲಹೆ ಕೊಡುವ ಸರ್ಜನ್ ತನಕ ಎಲ್ಲರೂ ತಲುಪುತ್ತಾರಾ ಅನ್ನೋದು ಇನ್ನೊಂದು ಪ್ರಶ್ನೆ. 2001ರಲ್ಲಿ ಪೀಡಿಯಾಟ್ರಿಕ್ಸ್ ಎಂಬ ವೈದ್ಯಪತ್ರಿಕೆಯಲ್ಲಿ ಕ್ಯಾಲಿಫೋರ್ನಿಯಾದ ಒಂದು ಅಧ್ಯಯನ ಬಂತು. ಮೂಳೆ ಸರ್ಜನ್‌ಗಳ 50 ಆಫೀಸುಗಳಿಗೆ ಫೋನ್ ಮಾಡಿ, 10 ವರ್ಷದ ಹುಡುಗ ಕೈ ಮುರಿದುಕೊಂಡಿದ್ದಾನೆ, ಯಾವಾಗ ಕರ್ಕೊಂಡು ಬರಲಿ ಅಂತ ಕೇಳಿದರು. ಒಮ್ಮೆ ಖಾಸಗಿ ವಿಮೆ ಅಂದರು, ಇನ್ನೊಮ್ಮೆ ಮೆಡಿ-ಕ್ಯಾಲ್ ಅಂದರು. ಖಾಸಗಿ ವಿಮೆಯ ಹುಡುಗನಿಗೆ 50ಕ್ಕೆ 50 ಆಫೀಸುಗಳೂ ಒಂದು ವಾರದೊಳಗೆ ಬನ್ನಿ ಅಂದವು. ಮೆಡಿ-ಕ್ಯಾಲ್ ಹುಡುಗನಿಗೆ ಬನ್ನಿ ಅಂದಿದ್ದು 50ರಲ್ಲಿ ಒಂದು. ಒಂದೇ ಒಂದು!

ಎಮರ್ಜೆನ್ಸಿ ಇಲ್ವಾ ಅಂತೀರಾ? ಇದೆ. 1986ರ ಕಾನೂನಿನ ಪ್ರಕಾರ ಎಮರ್ಜೆನ್ಸಿಗೆ ಬಂದವರ ಜೇಬು ನೋಡದೆ ಪರೀಕ್ಷಿಸಿ, ಅಪಾಯ ತಪ್ಪಿಸಲೇಬೇಕು. ಆದರೆ ಮುರಿದ ಮಣಿಕಟ್ಟಿಗೆ ಅಲ್ಲಿ ಸಾಮಾನ್ಯವಾಗಿ ಎಳೆದು ಕೂರಿಸಿ, ಅರ್ಧ ಪಟ್ಟಿ ಕಟ್ಟಿ, "ಒಂದು ವಾರದಲ್ಲಿ ಮೂಳೆ ಡಾಕ್ಟರನ್ನು ನೋಡಿ" ಅಂತ ಚೀಟಿ ಕೊಟ್ಟು ಕಳಿಸ್ತಾರೆ. ಕಾನೂನಿನ ಕೆಲಸ ಅಲ್ಲಿಗೆ ಮುಗೀತು. ಆ ವಾರದಲ್ಲಿ ಯಾರೂ ಬನ್ನಿ ಅನ್ನದಿದ್ದರೆ? ಮೂಳೆ ಯಾರಿಗೂ ಕಾಯಲ್ಲ. ಎರಡು ಮೂರು ವಾರಕ್ಕೆ ಇದ್ದ ಸೊಟ್ಟದಲ್ಲೇ ಕೂಡಿಕೊಳ್ಳೋಕೆ ಶುರು ಮಾಡುತ್ತೆ. ಕೊನೆಗೆ ಸರ್ಜನ್ ಸಿಕ್ಕಾಗ "ಈಗ ಹೀಗೇ ಬಿಡೋದು ಒಳ್ಳೇದು" ಅಂತಾರೆ. ಅದು ಆ ದಿನಕ್ಕೆ ಸರಿಯಾದ ಸಲಹೆಯೇ. ಆದರೆ ಆ ಸಲಹೆಯನ್ನು ಬರೆದದ್ದು ಸರ್ಜನ್ ಅಲ್ಲ, ಕಳೆದುಹೋದ ಮೂರು ವಾರ. ಜೇಬು ಸದ್ದಿಲ್ಲದೆ ಕೆಲಸ ಮಾಡೋದು ಹೀಗೆ.

ನಮ್ಮ ಬೆರ್ರಿಯೆಸಾ ಸುತ್ತಮುತ್ತಲಿನ ಆಸ್ಪತ್ರೆಗಳ ಕಥೆಯೂ ಇದಕ್ಕೆ ಸೇರುತ್ತೆ. ಊರ ನಡುವೆ ಇದ್ದ ಸ್ಯಾನ್ ಹೋಸೆ ಮೆಡಿಕಲ್ ಸೆಂಟರ್ 2004ರ ಡಿಸೆಂಬರಿನಲ್ಲಿ ಮುಚ್ಚಿತು. ಆಮೇಲೆ ನಮ್ಮ ಕಡೆಗೆ ಹತ್ತಿರ ಉಳಿದದ್ದು ಜಾಕ್ಸನ್ ಅವೆನ್ಯೂದ ರೀಜನಲ್ ಮೆಡಿಕಲ್ ಸೆಂಟರ್, ಅದೂ ಲಾಭಕ್ಕಾಗಿ ನಡೆಯುವ ಎಚ್‌ಸಿಎ ಕಂಪನಿಯದ್ದು. 2024ರಲ್ಲಿ ಅವರು ಅಲ್ಲಿನ ಟ್ರಾಮಾ ಸೆಂಟರಿನ ದರ್ಜೆ ಇಳಿಸಿದಾಗ ಪೂರ್ವ ಸ್ಯಾನ್ ಹೋಸೆಯ ಜನ ಬೀದಿಗಿಳಿದರು. ಕೊನೆಗೆ ಸಾಂತಾ ಕ್ಲಾರಾ ಕೌಂಟಿಯೇ 15 ಕೋಟಿ ಡಾಲರ್ ಕೊಟ್ಟು ಆಸ್ಪತ್ರೆ ಕೊಂಡುಕೊಂಡಿತು, 2025ರ ಏಪ್ರಿಲಿನಿಂದ ಅದು ಸರ್ಕಾರಿ ಆಸ್ಪತ್ರೆ. ಸಂಬಳದ ಡಾಕ್ಟರು, ಮೆಡಿ-ಕ್ಯಾಲ್ ಒಪ್ಪುವ ಕೌಂಟರು ಮನೆ ಹತ್ತಿರ ಇರೋದು ಮುರಿದ ಕೈಗೆ ದೊಡ್ಡ ವಿಷಯ.

ವಿಮೆ ಇದ್ದವರೆಲ್ಲ ಕ್ಷೇಮ ಅಂತಲೂ ಅಲ್ಲ. 2018ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೈಕಲ್ಲಿನಿಂದ ಬಿದ್ದು ಕೈ ಮುರಿದುಕೊಂಡ ಯುವತಿಯನ್ನು ಆಂಬುಲೆನ್ಸಿನವರು ಊರಿನ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಒಯ್ದರು. ಬಿಲ್ಲು 24,074 ಡಾಲರ್. ಆ ಆಸ್ಪತ್ರೆಗೂ ಖಾಸಗಿ ವಿಮೆಗಳಿಗೂ ಒಪ್ಪಂದವೇ ಇರಲಿಲ್ಲವಾದ್ದರಿಂದ 20 ಸಾವಿರಕ್ಕೂ ಹೆಚ್ಚು ಅವಳ ತಲೆಗೇ ಬಂತು. 2019ರಲ್ಲಿ ಪತ್ರಿಕೆಗಳಲ್ಲಿ ಗಲಾಟೆಯಾದ ಮೇಲೆ ಬಿಲ್ಲು ಇಳಿಯಿತು, ಆಸ್ಪತ್ರೆ ತನ್ನ ನಿಯಮವನ್ನೂ ಬದಲಿಸಿತು. ಇಂಥದ್ದನ್ನು ಓದಿದವರು ಸರ್ಜನ್ ಬಾಯಿ ಬಿಡುವ ಮೊದಲೇ "ಪ್ಲಾಸ್ಟರೇ ಹಾಕಿ" ಅಂತ ತಾವೇ ಹೇಳಿಬಿಟ್ಟರೆ ಆಶ್ಚರ್ಯವಿಲ್ಲ.

"ನಮ್ಮೂರಲ್ಲಿ ಹೀಗಿಲ್ಲಪ್ಪ" ಅಂತೀರೇನೋ. ಅಲ್ಲಿ ಬೇರೆ ಥರ ಇದೆ. ಮೊದಲನೆಯದಾಗಿ ಪುತ್ತೂರು ಕಟ್ಟು. (ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ ಹಳೇ ಚಿತ್ತೂರು ಜಿಲ್ಲೆಯದ್ದು.) ಕೋಲಾರ, ಬೆಂಗಳೂರು ಕಡೆಯಿಂದ ಎಷ್ಟು ತಲೆಮಾರು ಬಸ್ಸು ಹತ್ತಿ ಅಲ್ಲಿಗೆ ಹೋಗಿದೆಯೋ. ಮೊಟ್ಟೆಯ ಬಿಳಿ, ಬಿದಿರಿನ ದಬ್ಬೆ, ಬಟ್ಟೆ. ಮೂಳೆ ಸರಿದಿರದಿದ್ದರೆ ಅದೂ ಕೂಡಿಕೊಳ್ಳುತ್ತೆ, ಕೂಡಿಸೋದು ದೇಹ ತಾನೇ. ಸರಿದಿದ್ದರೆ ಸೊಟ್ಟ, ಕಟ್ಟು ತೀರಾ ಬಿಗಿಯಾದರೆ ರಕ್ತ ಓಡಾಡದೆ ಕೈಗೇ ಸಂಚಕಾರ. ಜನ ಅಲ್ಲಿಗೆ ಹೋಗೋದು ಬರೀ ಮೂಢನಂಬಿಕೆಯಿಂದ ಅನ್ನೋದು ಪೂರ್ತಿ ನಿಜವಲ್ಲ. "ಆಸ್ಪತ್ರೆಗೆ ಹೋದರೆ ರಾಡ್ ಹಾಕ್ತಾರೆ" ಅನ್ನೋ ಭಯದ ಹಿಂದೆ ಬಿಲ್ಲಿನ ಭಯವೂ ಇದೆ.

ಆ ಭಯ ಓಡಿಸೋಕೆ ಕರ್ನಾಟಕ ಮಾಡಿದ ಪ್ರಯತ್ನ ದೊಡ್ಡದು. ಡಾ. ದೇವಿ ಶೆಟ್ಟಿಯವರ ಯೋಚನೆ, ಸಹಕಾರ ಇಲಾಖೆಯ ಬಲ ಎರಡೂ ಸೇರಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯಲ್ಲಿ ರೈತರು ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಸಾಕಿತ್ತು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. 2018ರಲ್ಲಿ ಅದು ನಿಂತು, 2022ರಲ್ಲಿ ಮತ್ತೆ ಶುರುವಾಯಿತು. 2018ರಲ್ಲೇ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30.

ಆದರೆ ಗಾರ್ಫೀಲ್ಡ್‌ನ ಪಾಠ ಇಲ್ಲಿಗೂ ಅನ್ವಯಿಸುತ್ತೆ. ಯಶಸ್ವಿನಿ ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ ಹಣ ಕೊಡುವ ಯೋಜನೆ. ಆಯುಷ್ಮಾನ್ ಹಣ ಕೊಡೋದು ಅಡ್ಮಿಟ್ ಆದವರಿಗೆ, ಹೊರರೋಗಿಗಳಿಗಲ್ಲ. ಪ್ಲಾಸ್ಟರ್ ಹಾಕಿಸಿಕೊಂಡು ಸಂಜೆ ಬಸ್ಸಿಗೆ ಊರಿಗೆ ಹೋಗುವವನು ಹೊರರೋಗಿ. ಅಂದರೆ ದೊಡ್ಡ ಚಿಕಿತ್ಸೆ ಪುಕ್ಕಟೆ, ಸಣ್ಣ ಚಿಕಿತ್ಸೆಗೆ ಕೈಯಿಂದ ಕಾಸು! ಯಾವುದು ಬೇಕು ಅಂತ ರೋಗಿಯನ್ನು ಕೇಳಿದರೆ ಏನಂತಾನೆ? ಇನ್ನು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಕೇಳುವ ಪ್ರಶ್ನೆ ನಿಮಗೆಲ್ಲ ಗೊತ್ತಲ್ಲ, "ಇಂಡಿಯನ್ ಪ್ಲೇಟ್ ಹಾಕೋದಾ, ಇಂಪೋರ್ಟೆಡ್ ಹಾಕೋದಾ?" 2017ರಲ್ಲಿ ಕೇಂದ್ರ ಸರ್ಕಾರ ಹೃದಯದ ಸ್ಟೆಂಟಿಗೂ, ಬದಲಿ ಮಂಡಿಗೂ ಬೆಲೆಯ ಮಿತಿ ಹಾಕಿತು. ಮಣಿಕಟ್ಟಿನ ಪ್ಲೇಟು ಆ ಪಟ್ಟಿಯಲ್ಲಿರಲಿಲ್ಲ.

ಇಷ್ಟೆಲ್ಲ ಓದಿ ಸರ್ಜನ್‌ಗಳೆಲ್ಲ ದುಡ್ಡಿನ ಮುಖ ನೋಡಿಯೇ ಕತ್ತರಿ ಹಿಡೀತಾರೆ ಅಂದುಕೊಳ್ಳಬೇಡಿ. ನಡೆಯೋದು ಅದಕ್ಕಿಂತ ಸೂಕ್ಷ್ಮ. ತೊಡೆಮೂಳೆ ಮುರಿದರೆ ಬಹುಪಾಲು ಆಪರೇಷನ್ನೇ, ಅಲ್ಲಿ ಅನುಮಾನ ಕಡಿಮೆ, ಜೇಬಿಗೆ ಮಾತಾಡೋಕೆ ಜಾಗವೂ ಕಡಿಮೆ. ಮಣಿಕಟ್ಟಿನಲ್ಲಿ ಅನುಮಾನ ಜಾಸ್ತಿ. ಎರಡೂ ನಡೆಯುತ್ತೆ ಅನ್ನುವ ಆ ಬಿರುಕಿನಲ್ಲೇ ಜೇಬು ನುಸುಳೋದು. ಅದು ಸರ್ಜನ್‌ಗೂ ಗೊತ್ತಾಗಬೇಕಿಲ್ಲ. ರೋಗಿಗೆ ಸಾಲವಾಗದಿರಲಿ ಅನ್ನೋ ಕನಿಕರದಿಂದ ಪ್ಲಾಸ್ಟರ್ ಸಾಕು ಅನ್ನುವವರೂ ಇದ್ದಾರೆ. ಕನಿಕರ ಒಳ್ಳೆಯದೇ. ಆದರೆ ಅದನ್ನು ಬಾಯಿಬಿಟ್ಟು ಹೇಳದೆ, "ವೈದ್ಯಕೀಯವಾಗಿ ಇದೇ ಸರಿ" ಅಂತ ಹೇಳಿದರೆ, ಆಯ್ಕೆ ರೋಗಿಯ ಕೈತಪ್ಪಿತು. ಹೊಲ ಅಡವಿಟ್ಟಾದರೂ ಪ್ಲೇಟ್ ಹಾಕಿಸಿಕೊಂಡು ಸುಗ್ಗಿಗೆ ಕೈ ಸರಿಮಾಡಿಕೊಳ್ತೀನಿ ಅಂತ ಹೇಳುವ ಹಕ್ಕು ಅವನಿಗಿತ್ತು, ಅಲ್ವಾ?

ಈಗ ಆ ವಿಸಿಟರ್ ಇನ್ಶೂರೆನ್ಸ್ ಅಮ್ಮನ ವಿಷಯಕ್ಕೆ ಬರೋಣ. ವಯಸ್ಸು 65 ದಾಟಿದ್ದರೆ, ಮನೆಯಲ್ಲಿ ನೋಡಿಕೊಳ್ಳುವವರಿದ್ದರೆ, ಪ್ಲಾಸ್ಟರ್ ಕೀಳು ಚಿಕಿತ್ಸೆ ಅಲ್ಲವೇ ಅಲ್ಲ. ಇವತ್ತಿನ ಪುರಾವೆಯ ಪ್ರಕಾರ ವರ್ಷದ ನಂತರ ಅವರ ಕೈ ಪ್ಲೇಟಿನವರ ಕೈಯಷ್ಟೇ ಚೆನ್ನಾಗಿ ಚಪಾತಿ ಲಟ್ಟಿಸುತ್ತೆ. ಮೂಳೆ ಸರಿಯದೆ ನಿಂತಿದೆಯಾ ಅಂತ ಮೊದಲ ಎರಡು ಮೂರು ವಾರ ಎಕ್ಸ್‌ರೇ ತೆಗೆಸಿ ನೋಡುವುದು ಮಾತ್ರ ತಪ್ಪಬಾರದು. ಅಂದರೆ ಅಂಥವರ ವಿಷಯದಲ್ಲಿ ಅನುಮಾನ ಪಡಬೇಕಾದ್ದು ಎರಡನೇ ಸಲಹೆಯನ್ನಲ್ಲ, ಮೊದಲನೆಯದನ್ನು! ಅದೇ 30 ವರ್ಷದ ಗಾರೆಯವನಿಗೆ ಕೀಲಿನೊಳಗೆ ಚೂರಾಗಿದ್ದರೆ, ಕಾರ್ಡು ನೋಡಿ ಪ್ಲಾಸ್ಟರ್ ಅಂದರೆ ಅದು ಅನ್ಯಾಯ.

ಹಾಗಾಗಿ ನಿಮ್ಮವರಿಗೆ ಇಂಥದ್ದಾದರೆ ಮುಲಾಜಿಲ್ಲದೆ ಮೂರು ಪ್ರಶ್ನೆ ಕೇಳಿ. ಪ್ಲಾಸ್ಟರ್, ತಂತಿ, ಪ್ಲೇಟ್ ಮೂರರಲ್ಲೂ ಒಂದು ವರ್ಷದ ನಂತರ ಈ ಕೈ ಹೇಗಿರುತ್ತೆ? ಮೊದಲ ಮೂರು ತಿಂಗಳು ಹೇಗಿರುತ್ತೆ? ನಮ್ಮ ವಿಮೆ ಈಗಿರುವುದಕ್ಕಿಂತ ಬೇರೆ ಥರ ಇದ್ದಿದ್ದರೆ ನೀವು ಬೇರೆ ಹೇಳ್ತಿದ್ರಾ? ಮೂರನೆಯದನ್ನು ಕೇಳೋಕೆ ನಮ್ಮ ಜನಕ್ಕೆ ಸಂಕೋಚ. ಡಾಕ್ಟರು ಅಂದರೆ ನಾವು ಕೈಮುಗಿದು ಬೆಳೆದವರು. ಆದರೆ ಒಳ್ಳೆ ಸರ್ಜನ್‌ಗೆ ಆ ಪ್ರಶ್ನೆ ಚುಚ್ಚಲ್ಲ, ಬಾಗಿಲು ತೆಗೆದುಕೊಡುತ್ತೆ. ಕ್ಯಾಲಿಫೋರ್ನಿಯಾದಲ್ಲಿ 2007ರಿಂದ ಕಡಿಮೆ ಆದಾಯದವರಿಗೆ ಆಸ್ಪತ್ರೆಗಳು ರಿಯಾಯಿತಿ ಕೊಡಲೇಬೇಕು ಅಂತ ಕಾನೂನಿದೆ. 2022ರಿಂದ ಕೈಯಿಂದ ಕೊಡುವವರಿಗೆ ಮೊದಲೇ ಅಂದಾಜು ಪಟ್ಟಿ ಕೊಡಬೇಕು ಅಂತ ದೇಶಕ್ಕೆಲ್ಲ ಕಾನೂನಿದೆ. ಎರಡನ್ನೂ ಕೇಳಿ ಪಡೆಯಬೇಕು, ಅವರಾಗಿ ಕರೆದು ಕೊಡುವುದು ಕಡಿಮೆ.

ಅಪ್ಪ-ಅಮ್ಮನಿಗೆ ಟಿಕೆಟ್ ಬುಕ್ ಮಾಡುವಾಗ ನಾವು ವಿಮೆಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗದ್ದನ್ನು ಒತ್ತಿಬಿಡ್ತೀವಿ, ಆರು ತಿಂಗಳಲ್ಲಿ ಏನಾಗುತ್ತೆ ಅಂತ. ಒಂದೊಂದು ಚಿಕಿತ್ಸೆಗೆ ಇಂತಿಷ್ಟೇ ಡಾಲರ್ ಅಂತ ಮಿತಿ ಇರುವ ಪಾಲಿಸಿ ಯಾವುದು, ಬಿಲ್ಲಿನ ಇಷ್ಟು ಭಾಗ ಕೊಡ್ತೀವಿ ಅನ್ನುವ ಪಾಲಿಸಿ ಯಾವುದು ಅಂತ ಆ ದಿನವೇ ಕೂತು ಓದಿ. ಕೈ ಮುರಿದ ದಿನ ಆ ಸಣ್ಣಕ್ಷರ ಓದೋಕೆ ಯಾರಿಗೂ ಪುರುಸೊತ್ತಿರಲ್ಲ. ಆ ಹೊತ್ತಿಗೆ ಕೌಂಟರಿನ ಆಚೆ ಕೂತವರು ಅದನ್ನು ಓದಿ ಮುಗಿಸಿರ್ತಾರೆ.